ನೂರಕ್ಕೆ ಇಬ್ಬರು

ಈಡೇಲಿನ ರೈಲು ನಿಲ್ದಾಣದ ಹತ್ತಿರದ ಕೆಫೆಯಲ್ಲಿ
ಶನಿವಾರ ಎಂಟಕ್ಕೇ ಬಂದು ಕಿಟಕಿಯ ಮೇಜು ಹಿಡಿದೆ.
ಮೇಜಿನ ಮೇಲೆ ರಟ್ಟು ಕತ್ತರಿಸಿ ಮಾಡಿದ ಫೋನು,
ಅಂಟುಚೀಟಿಯಲ್ಲಿ ಬರೆದ ಗುಂಡಿಗಳು:
ನಕ್ಷೆ, ಎತ್ತರ, ಗಾಳಿಮಳೆ, ದಾರಿಗುರುತು.
ಯಾರು ಬೇಕಾದರೂ ಕಿತ್ತು ಬೇರೆ ಕಡೆ ಅಂಟಿಸಬಹುದು.
ಪಕ್ಕದಲ್ಲೊಂದು ಬೋರ್ಡು:
ಹತ್ತು ನಿಮಿಷ ಕೊಡಿ, ಟೀ ನಮ್ಮದು.

ಮೊದಲ ಮೂವರು ಟೀಗೆಂದೇ ಬಂದವರು.
ಚೆನ್ನಾಗಿದೆ ಎಂದರು. ಎಲ್ಲವೂ ಚೆನ್ನಾಗಿದೆ.
ಈ ದೇಶದಲ್ಲಿ ಚೆನ್ನಾಗಿದೆ ಅಂದರೆ
ಬಿಸ್ಕತ್ತು ಇದೆಯಾ ಅಂತ ಅರ್ಥ.
ಏಳು ವರ್ಷದಲ್ಲಿ ಇಷ್ಟಾದರೂ ಕಲಿತಿದ್ದೇನೆ.

ಲೀಡ್ಸಿನ ಆಫೀಸಿನಲ್ಲಿ ತೀರ್ಮಾನ ಆಗಲೇ ಅರ್ಧ ಆಗಿದೆ.
ಇರುವ ಸಾಧನ ಹನ್ನೊಂದು, ಉಳಿಯಬೇಕಾದ್ದು ಆರು.
'ಬಂದ ದಾರಿಗೆ' ಎಂಬ ಗುಂಡಿಯಂತೂ
ಒತ್ತುವವರು ನೂರಕ್ಕೆ ಇಬ್ಬರು.
ತೆಗೆದರೆ ಎಷ್ಟು ಹಗುರ ನೋಡಿ, ಎಂದು ನಮ್ಮ ರೂಪರ್ಟ್
ಗುಡಿಸಿ ಸಾರಿಸಿದ ಅಂಗಳದ ಹಾಗೆ
ಖಾಲಿ ಪರದೆ ತೋರಿಸಿದ್ದ.
ನಾನೂ ತಲೆಯಾಡಿಸಿದ್ದೆ.

ಡೆಸ್ಮಂಡ್ ಓಲರೆನ್‌ಷಾ ಕೈಗವಸು ಬಿಚ್ಚಲಿಲ್ಲ.
ಇಪ್ಪತ್ತಾರು ವರ್ಷ ಟಪಾಲು ಹಂಚಿದವನು,
ಈಗ ಬಿದ್ದವರನ್ನು ಗುಡ್ಡದಿಂದ ಹೊತ್ತು ಇಳಿಸುವವನು.
ಒದ್ದೆ ಉಣ್ಣೆಯ ಬೆರಳನ್ನು ರಟ್ಟಿನ ಮೇಲಿಟ್ಟ:
ಒಂದೇ ಬೆರಳಿನಡಿ ಮೂರು ಗುಂಡಿ.
'ಈಗ ಯಾವುದು ಒತ್ತಿದೆ, ಹೇಳು.'
ಆಮೇಲೆ, 'ವಾಪಸು ಬರೋದೆಲ್ಲಿ?'

ಹೆಚ್ಚು ಜನ ಬಳಸೋದಿಲ್ಲ, ಎಂದೆ.

ಸಕ್ಕರೆ ಹಾಕದ ಟೀಯನ್ನು ಸುಮ್ಮನೆ ಕಲಕಿದ.
'ಕಿಂಡರ್ ಮೇಲೆ ಮಂಜು ಕೂತರೆ
ಒಂದು ಕಂದರದ ಹಾಗೇ ಇನ್ನೊಂದು ಕಂದರ,
ಕರೀ ಕೆಸರು, ನಿನ್ನದೇ ಹೆಜ್ಜೆ ನಿನಗೆ ಎದುರು ಬರುತ್ತೆ.
ಆಗ ಒತ್ತುತ್ತಾರೆ. ಜನ್ಮಕ್ಕೆ ಒಂದು ಸಲ.
ಒತ್ತಿದವರು ನಮ್ಮನ್ನು ಕರೆಯೋದಿಲ್ಲ,
ನಿಮಗೂ ಏನೂ ಬರೆಯೋದಿಲ್ಲ,
ಮನೆಗೆ ಹೋಗಿ ಸಾಕ್ಸ್ ಹಿಂಡಿ ಮಲಗುತ್ತಾರೆ.'

ದೂರದ ಬೆಟ್ಟ ನುಣ್ಣಗೆ ಎಂಬ ಮಾತು
ನಾಲಿಗೆಗೆ ಬಂತು, ಇಂಗ್ಲಿಷಿಗೆ ಬರಲಿಲ್ಲ.
ಅಂಗೈಯಗಲದ ಗಾಜಿನಲ್ಲಿ ಅದು ಇನ್ನೂ ನುಣುಪು,
ಬೆರಳು ಸವರಿದರೆ ಜಾರಿಹೋಗುವಷ್ಟು.

ಮಧ್ಯಾಹ್ನ ಶೆಫೀಲ್ಡಿನ ಪರ್ವೀನ್ ಬಂದು ಕೂತರು.
'ನಾನು ನಡೆಯುವವಳಲ್ಲ, ಪರವಾಗಿಲ್ಲವಾ?'
ಮಗಳು ಮೇಲೆಲ್ಲೋ ನಡೆಯುತ್ತಿದ್ದಾಳೆ,
ತಾಯಿಯ ಫೋನಿನಲ್ಲಿ ನೀಲಿ ಚುಕ್ಕಿಯಾಗಿ.
'ಈ ಚುಕ್ಕಿ ನಿಂತಾಗ
ಅವಳು ಊಟಕ್ಕೆ ಕೂತಳೋ ಕಾಲು ಜಾರಿದಳೋ,
ಅದನ್ನು ಹೇಳುವ ಗುಂಡಿ ಯಾವುದು?'

ನನ್ನ ಹಾಳೆಯಲ್ಲಿ ಕಾಯುವವರಿಗೆ ಕಲಮಿಲ್ಲ.
ತಿಂಗಳಿಗೆ ಎಷ್ಟು ಮೈಲಿ ಎಂಬಲ್ಲಿ ಸೊನ್ನೆ ಬರೆದೆ.
ಕತ್ತು ಚಾಚಿ ನೋಡಿ ತಿದ್ದಿಸಿದರು:
'ಅವಳು ನಡೆದಷ್ಟೂ.'
ಅಷ್ಟರಲ್ಲಿ ಚುಕ್ಕಿ ಕದಲಿತು. ಸ್ಕೋನ್ ತರಿಸಿದರು,
ಅರ್ಧ ನನಗೆ.

ಕೆಫೆಯವರು ಕುರ್ಚಿ ಮೇಲೆತ್ತುವ ಹೊತ್ತಿಗೆ ಲೆಕ್ಕ ಹಾಕಿದೆ.
ಮೂವತ್ತೊಂದು ಜನ.
ಅಕ್ಷರ ದೊಡ್ಡದಿರಲಿ ಎಂದವರು ಹದಿನೆಂಟು,
ಬ್ಯಾಟರಿಯನ್ನು ಬೈದವರು ಎಲ್ಲರೂ,
ಬಂದ ದಾರಿ ಕೇಳಿದವನು ಒಬ್ಬನೇ.
ಸೋಮವಾರ ಇದನ್ನೇ ಹೇಳಬೇಕು.
ಒಬ್ಬ ಎಂದರೆ ರೂಪರ್ಟ್ ಮುಗುಳ್ನಗುತ್ತಾನೆ,
ತಪ್ಪೇನಿಲ್ಲ, ಅವನಿಗೆ ಗಣಿತ ಬರುತ್ತದೆ.

ರೈಲಿಗಿನ್ನೂ ಹೊತ್ತಿತ್ತು.
ಚರ್ಚು ದಾಟಿ, ಹಳ್ಳ ದಾಟಿ, ಕಲ್ಲುಗೋಡೆಯ ಪಕ್ಕ
ಏರುತ್ತ ಹೋದೆ, ಯಾಕೆಂದು ಕೇಳಬೇಡಿ.
ನವೆಂಬರಿನ ನಾಲ್ಕೂವರೆ. ಕುರಿಗಳ ಸದ್ದಷ್ಟೇ ಉಳಿದು
ಕುರಿಗಳು ಕಾಣದಾದವು.
ತಿರುಗಿದರೆ ಒಂದು ಗೇಟು ಇದ್ದಲ್ಲಿ ಎರಡು.

ಫೋನು ತೆಗೆದೆ. ಕೈಗವಸಿನ ಬೆರಳನ್ನು ಗಾಜು ಒಪ್ಪಲಿಲ್ಲ.
ಹಲ್ಲಲ್ಲಿ ಕಚ್ಚಿ ಎಳೆದೆ.
ಮೂರನೇ ಮೆನುವಿನ ಒಳಗೆ, ಎಲ್ಲಕ್ಕಿಂತ ಕೆಳಗೆ,
ನಾವೇ ಮೂಲೆಗೆ ತಳ್ಳಿದ ಆ ಬೂದು ಗುಂಡಿ.

ಹದಿನಾಲ್ಕು ನಿಮಿಷ, ಎಂದಿತು, ಎಡದ ಗೇಟು.

ರೈಲು ತಪ್ಪಿತು.
ಈ ತಿಂಗಳ ಅಂಕಿಯಲ್ಲಿ ನಾನೂ ಸೇರಿದೆ.
ಮುಂದಿನದಕ್ಕೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೇನೆ,
ಬಾಯಲ್ಲಿನ್ನೂ ಒದ್ದೆ ಉಣ್ಣೆಯ ರುಚಿ.